ಇನ್ನೂ ಎದ್ದು ನಿಲ್ಲದ ಮನೆಗೆ ವಿಎ ಸಾಲ

ಅಮೆರಿಕದ ಸೈನ್ಯದಲ್ಲಿ ಸೇವೆ ಮಾಡಿದವರಿಗೆ ಸಿಗುವ ಗೃಹಸಾಲದ ಸೌಲಭ್ಯವನ್ನು ಅಲ್ಲಿ ಎಲ್ಲರೂ ‘ವಿಎ ಲೋನ್’ ಎಂದೇ ಕರೆಯುತ್ತಾರೆ. ಸೈನಿಕರಿಗಾಗಿ ಮಾಡಿದ 1944ರ ಜಿಐ ಬಿಲ್ ಎಂಬ ಕಾನೂನಿನಿಂದ ಬಂದ ಸೌಲಭ್ಯ ಇದು. ಹೆಸರು ಹಾಗಿದ್ದರೂ ವಿಎ, ಅಂದರೆ ಮಾಜಿ ಸೈನಿಕರ ಇಲಾಖೆ, ತಾನು ಹಣ ಕೊಡುವುದಿಲ್ಲ. ಹಣ ಕೊಡುವ ಲೆಂಡರ್ ಬ್ಯಾಂಕು ಅಥವಾ ಮಾರ್ಟ್‌ಗೇಜ್ ಕಂಪನಿ. ಸಾಲ ಮುಳುಗಿದರೆ ಅದರ ಸುಮಾರು ಕಾಲು ಭಾಗದವರೆಗಿನ ನಷ್ಟವನ್ನು ತುಂಬಿಕೊಡುತ್ತೇನೆಂದು ಇಲಾಖೆ ಜಾಮೀನು ನಿಲ್ಲುತ್ತದೆ, ಅಷ್ಟೆ. ಆ ಜಾಮೀನಿನ ಬಲದಿಂದಲೇ ಡೌನ್ ಪೇಮೆಂಟ್ ಇಲ್ಲದೆ, ತಿಂಗಳ ಮಾರ್ಟ್‌ಗೇಜ್ ಇನ್ಶೂರೆನ್ಸ್ ಇಲ್ಲದೆ ಮನೆ ಕೊಳ್ಳಲು ಆಗುವುದು.

ಹಳೆ ಮನೆ ಕೊಳ್ಳುವವರಿಗೆ ಈ ದಾರಿ ಸಾಕಷ್ಟು ನೇರ. ಹೊಸ ಮನೆಯ ವಿಷಯ ಬೇರೆ. ವಿಎ ಜಾಮೀನು ನಿಲ್ಲುವುದು ವಾಸಕ್ಕೆ ಯೋಗ್ಯವಾದ, ಪೂರ್ತಿ ಮುಗಿದ ಮನೆಗೆ. ಆದರೆ ಬಿಲ್ಡರ್‌ನ ಕಚೇರಿಯಲ್ಲಿ ನೀವು ಕರಾರಿಗೆ ಸಹಿ ಹಾಕುವ ದಿನ ನಿಮ್ಮ ಸೈಟಿನಲ್ಲಿರುವುದು ಮಣ್ಣು ಮತ್ತು ನಾಲ್ಕು ಗೂಟ. ಈ ಎರಡರ ನಡುವೆ ಆರೋ ಎಂಟೋ ಹತ್ತೋ ತಿಂಗಳು ಇರುತ್ತದೆ. ಹೊಸ ಮನೆಯ ವಿಎ ಸಾಲದಲ್ಲಿ ಕೆಡುವುದೆಲ್ಲ ಬಹುಮಟ್ಟಿಗೆ ಈ ಅಂತರದಲ್ಲೇ ಕೆಡುತ್ತದೆ.

ಮೊದಲ ಕಾಗದ ಸಿಒಇ, ಅರ್ಹತಾ ಪತ್ರ. ಮಾದರಿ ಮನೆಗಳನ್ನು ನೋಡಲು ಹೋಗುವ ಮೊದಲೇ ಇದನ್ನು ತೆಗೆಸಿಕೊಳ್ಳಿ. ಲೆಂಡರ್ ಆನ್‌ಲೈನ್‌ನಲ್ಲಿ ಎಷ್ಟೋ ಸಲ ನಿಮಿಷಗಳಲ್ಲೇ ತೆಗೆದುಕೊಡುತ್ತಾರೆ. ಇಲ್ಲವಾದರೆ ವಿಎ ಜಾಲತಾಣದಲ್ಲಿ ನೀವೇ ಅರ್ಜಿ ಹಾಕಬಹುದು, ಅಥವಾ 26-1880 ನಮೂನೆಯನ್ನು ಅಂಚೆಯಲ್ಲಿ ಕಳಿಸಬಹುದು. ಸೇವೆಯಿಂದ ಹೊರಬಂದವರಿಗೆ ಡಿಡಿ-214 ಎಂಬ ಬಿಡುಗಡೆ ಪತ್ರ ಬೇಕು. ಅದರಲ್ಲೂ ‘ಮೆಂಬರ್-4’ ಪ್ರತಿಯೇ ಆಗಬೇಕು, ಏಕೆಂದರೆ ಬಿಡುಗಡೆ ಯಾವ ಸ್ವರೂಪದ್ದು ಎಂಬುದು ಅದರಲ್ಲಿರುತ್ತದೆ. ಇನ್ನೂ ಸೇವೆಯಲ್ಲಿರುವವರಿಗೆ ಕಮಾಂಡರ್ ಅಥವಾ ಪರ್ಸನಲ್ ಆಫೀಸರ್ ಸಹಿ ಮಾಡಿದ ಸೇವಾ ವಿವರಣೆ ಸಾಕು. 1990ರ ಆಗಸ್ಟ್ 2ರ ನಂತರ ಸೇವೆಗೆ ಸೇರಿದವರಿಗೆ ಸಾಮಾನ್ಯ ಲೆಕ್ಕ 24 ತಿಂಗಳ ನಿರಂತರ ಸೇವೆ, ಅಥವಾ ಕರೆಸಿಕೊಂಡ ಅವಧಿ ಪೂರ್ತಿ, ಕನಿಷ್ಠ 90 ದಿನ. ಈಗ ಸಕ್ರಿಯ ಸೇವೆಯಲ್ಲಿರುವವರಿಗೆ 90 ನಿರಂತರ ದಿನ. ಗಾರ್ಡ್ ಮತ್ತು ರಿಸರ್ವ್‌ನವರಿಗೆ 6 ವರ್ಷ.

ಸಿಒಇಯಲ್ಲಿ ಎರಡು ವಿಷಯ ಓದಿ. ಒಂದು, ನಿಮ್ಮ ಎಂಟೈಟಲ್‌ಮೆಂಟ್, ಅಂದರೆ ನಿಮ್ಮ ಪಾಲಿನ ಜಾಮೀನು, ಪೂರ್ತಿ ಉಳಿದಿದೆಯೇ ಎಂಬುದು. ಪೂರ್ತಿ ಇದ್ದರೆ 2020ರ ಜನವರಿ 1ರಿಂದ ವಿಎ ಕಡೆಯಿಂದ ಸಾಲದ ಮೊತ್ತಕ್ಕೆ ಮಿತಿ ಇಲ್ಲ. ನಿಮ್ಮ ಆದಾಯ, ಮನೆಯ ಬೆಲೆ ಮತ್ತು ಲೆಂಡರ್ ಒಪ್ಪುವ ಮೊತ್ತವೇ ಮಿತಿ. ಹಿಂದಿನ ಮನೆಯ ವಿಎ ಸಾಲ ಇನ್ನೂ ನಡೆಯುತ್ತಿದ್ದರೆ ಲೆಕ್ಕ ಬೇರೆ, ಆಗ ನಿಮ್ಮ ಕೌಂಟಿಯ (ಜಿಲ್ಲೆಯ) ಸಾಲದ ಮಿತಿ ನೋಡುತ್ತಾರೆ. 2025ರಲ್ಲಿ ಹೆಚ್ಚಿನ ಕೌಂಟಿಗಳ ಮಿತಿ 8,06,500 ಡಾಲರ್ ಇತ್ತು, ಅದರ ಕಾಲು ಭಾಗ 2,01,625. ಹಳೆಯ 3,00,000 ಡಾಲರ್ ಸಾಲಕ್ಕೆ 75,000 ಬಳಕೆಯಾಗಿದ್ದರೆ ಉಳಿದದ್ದು 1,26,625. ಅದರ ನಾಲ್ಕು ಪಟ್ಟು, ಅಂದರೆ 5,06,500 ಡಾಲರ್‌ವರೆಗೆ ಡೌನ್ ಪೇಮೆಂಟ್ ಬೇಡ. ಅದಕ್ಕಿಂತ ಮೇಲಿನ ಪ್ರತಿ ಡಾಲರಿಗೆ ಕಾಲು ಡಾಲರ್ ಕೈಯಿಂದ ಹಾಕಬೇಕಾಗುತ್ತದೆ. ಈ ಲೆಕ್ಕ ಮೊದಲೇ ಮಾಡದೆ ಬಿಲ್ಡರ್‌ಗೆ ಮುಂಗಡ ಕೊಟ್ಟವರು ಕೊನೆಯ ತಿಂಗಳಲ್ಲಿ ಹಣಕ್ಕಾಗಿ ಪರದಾಡುತ್ತಾರೆ.

ಎರಡನೆಯದು ಫಂಡಿಂಗ್ ಫೀ, ಅಂದರೆ ಈ ಜಾಮೀನಿಗಾಗಿ ವಿಎಗೆ ಒಂದೇ ಸಲ ಕಟ್ಟುವ ಶುಲ್ಕ. 2023ರ ಏಪ್ರಿಲ್ 7ರಿಂದ ಜಾರಿಗೆ ಬಂದ ದರದ ಪ್ರಕಾರ ಮೊದಲ ಬಾರಿಗೆ, ಡೌನ್ ಪೇಮೆಂಟ್ ಇಲ್ಲದೆ ಕೊಳ್ಳುವವರಿಗೆ ಸಾಲದ 2.15 ಶೇಕಡಾ, ನಂತರದ ಬಾರಿಗೆ 3.3. ಶೇಕಡಾ 5 ಕೈಯಿಂದ ಹಾಕಿದರೆ 1.5ಕ್ಕೆ, 10 ಹಾಕಿದರೆ 1.25ಕ್ಕೆ ಇಳಿಯುತ್ತದೆ. 4,20,000 ಡಾಲರ್ ಮನೆಗೆ ಏನೂ ಹಾಕದಿದ್ದರೆ ಫೀ 9,030. 21,000 ಹಾಕಿದರೆ ಸಾಲ 3,99,000, ಫೀ 5,985. ಫೀಯನ್ನು ಸಾಲಕ್ಕೇ ಸೇರಿಸಬಹುದು. ಸೇವೆಯಿಂದಾದ ಅಂಗವೈಕಲ್ಯಕ್ಕೆ ವಿಎ ಪರಿಹಾರ ಪಡೆಯುತ್ತಿರುವವರಿಗೆ ಇದು ಪೂರ್ತಿ ಮಾಫಿ. ಹೊಸ ಮನೆಯ ಕಾಯುವಿಕೆ ಇಲ್ಲಿ ಅನುಕೂಲಕ್ಕೂ ಬರುತ್ತದೆ. ಪರಿಹಾರದ ಅರ್ಜಿ ಹಾಕಲು ಮನಸ್ಸಿದ್ದರೆ ಬುನಾದಿ ಬೀಳುವ ಹೊತ್ತಿಗೇ ಹಾಕಿ. ಕ್ಲೋಸಿಂಗ್‌ಗೆ, ಅಂದರೆ ಸಾಲದ ಕಾಗದಗಳಿಗೆ ಕೊನೆಯ ಸಹಿ ಬೀಳುವ ದಿನಕ್ಕೆ, ಮೊದಲೇ ಅಂಗವೈಕಲ್ಯದ ರೇಟಿಂಗ್ ಬಂದರೆ ಫೀ ಇಲ್ಲ. ನಂತರ ಬಂದರೂ, ಅದು ಜಾರಿಯಾಗುವ ದಿನಾಂಕ ಕ್ಲೋಸಿಂಗ್‌ಗಿಂತ ಹಿಂದಿನದಾಗಿದ್ದರೆ ಕಟ್ಟಿದ ಫೀ ವಾಪಸ್ ಕೇಳಬಹುದು. ಅದು ತಾನಾಗಿ ಬರುತ್ತದೆಂದು ಕಾಯಬೇಡಿ, ಲೆಂಡರ್‌ಗೆ ಅಥವಾ ವಿಎ ಪ್ರಾದೇಶಿಕ ಸಾಲ ಕೇಂದ್ರಕ್ಕೆ ಫೋನ್ ಮಾಡಿ ಕೇಳಿ.

‘ಹೊಸ ಮನೆ’ ಎಂದರೆ ವಿಎ ಲೆಕ್ಕದಲ್ಲಿ ಒಂದೇ ಬಗೆಯಲ್ಲ. ಕಟ್ಟಿ ಮುಗಿದು ಮಾರಾಟಕ್ಕಿಟ್ಟ ಮನೆ ಎಲ್ಲಕ್ಕಿಂತ ಸುಲಭ. ಬಿಲ್ಡರ್ ತನ್ನ ಹಣದಲ್ಲೇ ಕಟ್ಟಿ, ಮುಗಿದ ಮೇಲೆ ನಿಮಗೆ ಮಾರುವ ಮನೆ ಎರಡನೆಯದು. ದೊಡ್ಡ ಬಡಾವಣೆಗಳಲ್ಲಿ ನಡೆಯುವುದು ಹೆಚ್ಚಾಗಿ ಇದೇ, ಈ ಬರಹದ ಬಹುಭಾಗವೂ ಇದರ ಬಗ್ಗೆಯೇ. ಮೂರನೆಯದು, ನಿಮ್ಮದೇ ಜಾಗದಲ್ಲಿ ನಿಮ್ಮದೇ ನಕ್ಷೆಯಂತೆ ಕಟ್ಟಿಸುವುದು. ಅದಕ್ಕೆ ‘ಒನ್-ಟೈಮ್ ಕ್ಲೋಸ್’ ಎಂಬ ಸಾಲವಿದೆ. ಜಾಗ, ನಿರ್ಮಾಣ, ಮುಂದಿನ ದೀರ್ಘಾವಧಿ ಸಾಲ ಮೂರಕ್ಕೂ ಒಂದೇ ಕ್ಲೋಸಿಂಗ್. ವಿಎ ಇದಕ್ಕೆ ಒಪ್ಪುತ್ತದೆ, ಆದರೆ ಕೊಡುವ ಲೆಂಡರ್‌ಗಳು ಕಡಿಮೆ. ಫಂಡಿಂಗ್ ಫೀಯನ್ನು ಕ್ಲೋಸಿಂಗ್ ಆದ 15 ದಿನದೊಳಗೆ ಕಟ್ಟಬೇಕು, ಮನೆ ಎದ್ದಿರಲಿ ಬಿಡಲಿ. ಕಂತು ಶುರುವಾಗುವುದು ಮನೆ ಮುಗಿದ ಮೇಲೆ. ಕಟ್ಟಲು 6 ತಿಂಗಳು ಹಿಡಿದರೆ ಉಳಿದ 29 ವರ್ಷ 6 ತಿಂಗಳಲ್ಲಿ ಪೂರ್ತಿ ಸಾಲ ತೀರುವಂತೆ ಕಂತು ಹಾಕುತ್ತಾರೆ. ಬಿಲ್ಡರ್‌ಗೆ ಹಣ ಹಂತ ಹಂತವಾಗಿ ಹೋಗುತ್ತದೆ, ಪ್ರತಿ ಹಂತದ ಬಿಡುಗಡೆಗೂ ನಿಮ್ಮ ಲಿಖಿತ ಒಪ್ಪಿಗೆ ಬೇಕು. ಜಾಗಕ್ಕೆ ಹೋಗಿ ಕಣ್ಣಾರೆ ನೋಡದೆ ಆ ಒಪ್ಪಿಗೆಗೆ ಸಹಿ ಮಾಡಬೇಡಿ. ಗೋಡೆ ಏಳುವ ಮೊದಲೇ ಚಾವಣಿಯ ಹಣ ಹೋದರೆ ಬಿಲ್ಡರ್ ಮೇಲಿನ ನಿಮ್ಮ ಹಿಡಿತ ಹೋಯಿತು.

ಬಿಲ್ಡರ್‌ನ ಕರಾರಿನ ವಿಷಯಕ್ಕೆ ಹೆಚ್ಚು ಹೊತ್ತು ಕೊಡಬೇಕು. ಹಳೆ ಮನೆ ಕೊಳ್ಳುವಾಗ ಆಯಾ ರಾಜ್ಯದಲ್ಲಿ ಚಾಲ್ತಿಯಲ್ಲಿರುವ ಮಾದರಿ ಕರಾರು ಇರುತ್ತದೆ. ಹೊಸ ಮನೆಯ ಕರಾರನ್ನು ಬಿಲ್ಡರ್‌ನ ವಕೀಲರು ಬಿಲ್ಡರ್‌ಗಾಗಿ ಬರೆದಿರುತ್ತಾರೆ. ಮನೆಯ ಮೌಲ್ಯದ ಪತ್ರ ಕೈಗೆ ಬರುವ ಮೊದಲು ಸಹಿಯಾದ ಕರಾರಿನಲ್ಲಿ ವಿಎ ‘ಎಸ್ಕೇಪ್ ಕ್ಲಾಸ್’ ಇರಲೇಬೇಕು. ವಿಎ ನಿಗದಿ ಮಾಡಿದ ಮೌಲ್ಯಕ್ಕಿಂತ ಬೆಲೆ ಹೆಚ್ಚಿದ್ದರೆ ಮುಂಗಡ ಕಳೆದುಕೊಳ್ಳದೆ ಹಿಂದೆ ಸರಿಯುವ ಹಕ್ಕು ಅದು. ಸಾಮಾನ್ಯವಾಗಿ ಅನುಬಂಧವಾಗಿ ಅಂಟಿಸಿರುತ್ತಾರೆ. ಆದರೆ ಅದೇ ಕರಾರಿನ ಇನ್ನೊಂದು ಪುಟದಲ್ಲಿ ಬಿಲ್ಡರ್‌ನ ಡಿಸೈನ್ ಸೆಂಟರ್‌ನಲ್ಲಿ ಮನೆಗೆಂದು ಆರಿಸಿದ ವಸ್ತುಗಳ ಮುಂಗಡ ಯಾವ ಕಾರಣಕ್ಕೂ ವಾಪಸ್ ಇಲ್ಲ ಎಂದೂ ಇರುತ್ತದೆ. ಈ ಎರಡು ಮಾತು ಒಂದಕ್ಕೊಂದು ಎದುರಾಗುತ್ತವೆ. ಎರಡರಲ್ಲಿ ಯಾವುದು ಮೇಲು ಎಂಬುದನ್ನು ಸಹಿಗೆ ಮೊದಲು ಬರವಣಿಗೆಯಲ್ಲಿ ಪಡೆಯಿರಿ. ಎಸ್ಕೇಪ್ ಕ್ಲಾಸ್ ಡಿಸೈನ್ ಮುಂಗಡಕ್ಕೂ ಅನ್ವಯಿಸುತ್ತದೆ ಎಂಬ ಒಂದು ಸಾಲು ಸಾಕು. ಮಾರಾಟದವರು ಬಾಯಲ್ಲಿ ‘ಅದೇನೂ ತೊಂದರೆ ಇಲ್ಲ’ ಎಂದದ್ದು ಲೆಕ್ಕಕ್ಕೆ ಬರುವುದಿಲ್ಲ.

ಬಿಲ್ಡರ್‌ಗೆ ತನ್ನದೇ ಲೆಂಡರ್ ಇರುವುದು ಮಾಮೂಲು. ಅವರಲ್ಲೇ ಸಾಲ ತೆಗೆದುಕೊಂಡರೆ ಇಷ್ಟು ಸಾವಿರ ಡಾಲರ್ ಬಿಡುತ್ತೇವೆ ಎನ್ನುತ್ತಾರೆ. ತಳ್ಳಿಹಾಕಬೇಡಿ, ಕಣ್ಣುಮುಚ್ಚಿ ಒಪ್ಪಿಕೊಳ್ಳಲೂಬೇಡಿ. ಒಂದೇ ದಿನ ಎರಡು ಕಡೆಯಿಂದ ಲೋನ್ ಎಸ್ಟಿಮೇಟ್ (ಸಾಲದ ಖರ್ಚಿನ ಅಂದಾಜು ಪತ್ರ) ತರಿಸಿ, ಬಡ್ಡಿ, ಪಾಯಿಂಟ್ಸ್ (ಬಡ್ಡಿ ಇಳಿಸಲು ಮೊದಲೇ ಕೊಡುವ ಹಣ), ಫೀಗಳನ್ನು ಸಾಲು ಸಾಲಾಗಿ ಹೋಲಿಸಿ. ಲೆಂಡರ್ ತನ್ನ ಕೆಲಸಕ್ಕೆ ಹಾಕಬಹುದಾದ ಒಟ್ಟು ಫೀ ಸಾಲದ 1 ಶೇಕಡಾ ಮೀರಬಾರದೆಂದು ವಿಎ ನಿಯಮವಿದೆ. ಬಿಲ್ಡರ್ ಕೊಡುವ ರಿಯಾಯಿತಿಗೂ ಒಂದು ಗೆರೆ ಇದೆ. ಸಾಮಾನ್ಯ ಕ್ಲೋಸಿಂಗ್ ಖರ್ಚನ್ನು ಬಿಲ್ಡರ್ ಎಷ್ಟು ಬೇಕಾದರೂ ಹೊರಬಹುದು. ಆದರೆ ಫಂಡಿಂಗ್ ಫೀ, ಮುಂಗಡ ತೆರಿಗೆ ಮತ್ತು ವಿಮೆ, ನಿಮ್ಮ ಕ್ರೆಡಿಟ್ ಕಾರ್ಡ್ ಬಾಕಿ, ಮೊದಲೆರಡು ವರ್ಷ ಬಡ್ಡಿ ತಗ್ಗಿಸುವ ಬೈಡೌನ್ ಹಣ, ಫ್ರಿಜ್ಜು-ಟಿವಿಯಂಥ ಕೊಡುಗೆ, ಇವೆಲ್ಲ ಸೇರಿ ಮನೆಯ ಮೌಲ್ಯದ 4 ಶೇಕಡಾ ದಾಟುವಂತಿಲ್ಲ.

ಆದಾಯದ ಪರೀಕ್ಷೆಯಲ್ಲಿ ವಿಎ ಸಾಲಕ್ಕೇ ವಿಶಿಷ್ಟವಾದದ್ದು ‘ರೆಸಿಡ್ಯುಯಲ್ ಇನ್ಕಮ್’. ತೆರಿಗೆ, ಎಲ್ಲ ಸಾಲದ ಕಂತು, ಮನೆಯ ಖರ್ಚು ಕಳೆದ ಮೇಲೆ ಊಟ-ಬಟ್ಟೆಗೆ ಕೈಯಲ್ಲಿ ಉಳಿಯುವ ಹಣ. ನಾಲ್ಕು ಜನರ ಕುಟುಂಬಕ್ಕೆ ದಕ್ಷಿಣದ ರಾಜ್ಯಗಳಲ್ಲಿ ತಿಂಗಳಿಗೆ 1,003 ಡಾಲರ್, ಪಶ್ಚಿಮದಲ್ಲಿ 1,117 ಉಳಿಯಬೇಕು. ಕರೆಂಟು-ನೀರು-ದುರಸ್ತಿಗೆಂದು ಚದರಡಿಗೆ 14 ಸೆಂಟ್ ಲೆಕ್ಕ ಹಾಕುತ್ತಾರೆ. 1,900 ಚದರಡಿಗೆ 266 ಡಾಲರ್, 2,600 ಚದರಡಿಗೆ 364. ಡಿಸೈನ್ ಸೆಂಟರ್‌ನಲ್ಲಿ ಒಂದು ಕೋಣೆ ಹೆಚ್ಚು ಸೇರಿಸಿದಾಗ ಕಂತು ಮಾತ್ರ ಏರುವುದಲ್ಲ, ಈ ಉಳಿಕೆಯೂ ಕರಗುತ್ತದೆ. ಒಟ್ಟು ಕಂತುಗಳು ಆದಾಯದ 41 ಶೇಕಡಾ ದಾಟಿದರೂ ದಾರಿ ಮುಚ್ಚುವುದಿಲ್ಲ. ಉಳಿಕೆ ಅಗತ್ಯಕ್ಕಿಂತ 20 ಶೇಕಡಾ ಹೆಚ್ಚಿದ್ದರೆ ಒಪ್ಪಿಗೆಗೆ ಅದು ಗಟ್ಟಿ ಆಧಾರ.

ಕನ್ನಡದ ಮನೆಗಳಲ್ಲಿ ಇಲ್ಲಿ ಮೂರು ಪ್ರಶ್ನೆ ಏಳುತ್ತವೆ. ಬೆಂಗಳೂರಿನ ಫ್ಲ್ಯಾಟಿನ ಮೇಲಿನ ಸಾಲ ಅಮೆರಿಕದ ಕ್ರೆಡಿಟ್ ರಿಪೋರ್ಟಿನಲ್ಲಿ ಕಾಣಿಸದೆ ಇರಬಹುದು, ಆದರೂ ಅರ್ಜಿಯಲ್ಲಿ ಹೇಳಲೇಬೇಕು. ಅದರ ಇಎಂಐ ನಿಮ್ಮ ಸಾಲದ ಲೆಕ್ಕಕ್ಕೆ ಸೇರುತ್ತದೆ, ಮುಚ್ಚಿಟ್ಟರೆ ಸುಳ್ಳು ಹೇಳಿಕೆಯಾಗುತ್ತದೆ. ಊರಿನಿಂದ ಅಪ್ಪ-ಅಮ್ಮ ಕಳಿಸುವ ಹಣವನ್ನು ಉಡುಗೊರೆಯಾಗಿ ಬಳಸಬಹುದು, ವಾಪಸ್ ಕೊಡಬೇಕಿಲ್ಲವೆಂಬ ಪತ್ರ ಮತ್ತು ಹಣ ಬಂದ ದಾರಿಯ ಬ್ಯಾಂಕ್ ದಾಖಲೆ ಇರಬೇಕು. ಇನ್ನು ಅಣ್ಣನನ್ನೋ ಅಪ್ಪನನ್ನೋ ಸಾಲದಲ್ಲಿ ಜೊತೆಗೆ ಸೇರಿಸುವ ಯೋಚನೆ. ಹೆಂಡತಿ ಅಥವಾ ಗಂಡನನ್ನು ಸೇರಿಸಲು ಅಡ್ಡಿಯಿಲ್ಲ. ಸೇವೆ ಮಾಡದ ಬೇರೆಯವರನ್ನು ಸೇರಿಸಿದರೆ ವಿಎ ಜಾಮೀನು ನಿಮ್ಮ ಪಾಲಿಗಷ್ಟೇ, ಉಳಿದದ್ದಕ್ಕೆ ಡೌನ್ ಪೇಮೆಂಟ್ ಕೇಳುತ್ತಾರೆ, ಸಾಮಾನ್ಯವಾಗಿ 12.5 ಶೇಕಡಾ. ಬಹಳಷ್ಟು ಲೆಂಡರ್‌ಗಳು ಆ ಅರ್ಜಿಯನ್ನು ಮುಟ್ಟುವುದೇ ಇಲ್ಲ. ಟೆಕ್ಸಸ್, ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಅರಿಜೋನಾದಂಥ ರಾಜ್ಯಗಳಲ್ಲಿ ಸಂಗಾತಿಯ ಹೆಸರು ಸಾಲದಲ್ಲಿ ಇಲ್ಲದಿದ್ದರೂ ಅವರ ಸಾಲಗಳು ಲೆಕ್ಕಕ್ಕೆ ಬರುತ್ತವೆ.

ಆದಾಯ ಮತ್ತು ಕ್ರೆಡಿಟ್ ದಾಖಲೆಗಳಿಗೂ ಆಯಸ್ಸಿದೆ. ಸಾಮಾನ್ಯವಾಗಿ 120 ದಿನ, ಹೊಸ ನಿರ್ಮಾಣಕ್ಕೆ 180 ದಿನ. ಎಂಟು ತಿಂಗಳ ಮನೆಗೆ ಆರಂಭದ ಒಪ್ಪಿಗೆ ಅಂತ್ಯದವರೆಗೆ ಬಾಳುವುದಿಲ್ಲ, ಕೊನೆಗೆ ಮತ್ತೆ ಪೂರ್ತಿ ತಪಾಸಣೆ ನಡೆಯುತ್ತದೆ. ನಡುವೆ ಹೊಸ ಕಾರು, ಕಂತಿನ ಮೇಲೆ ಸೋಫಾ, ಕೆಲಸದ ಬದಲಾವಣೆ ಯಾವುದೂ ಬೇಡ. ಬಡ್ಡಿ ಲಾಕ್, ಅಂದರೆ ಬಡ್ಡಿ ದರವನ್ನು ಇಂತಿಷ್ಟು ದಿನಕ್ಕೆ ಕಟ್ಟಿಹಾಕುವುದು, ಕೂಡ ಹಾಗೆಯೇ. ಉದ್ದದ ಲಾಕ್‌ಗೆ ಹೆಚ್ಚು ಹಣ ಬೇಕು. ಗಿಡ್ಡ ಲಾಕ್ ಮಾಡಿ ಮನೆ ತಡವಾದರೆ ವಿಸ್ತರಣೆಯ ಶುಲ್ಕ ನಿಮ್ಮ ತಲೆಗೆ. ಡ್ರೈವಾಲ್ (ಒಳಗೋಡೆಯ ಹಲಗೆ) ಹತ್ತಿ, ಕ್ಯಾಬಿನೆಟ್ ಕೂರಿಸುವ ಹೊತ್ತಿಗೆ ಮುಗಿಯುವ ದಿನ ಸುಮಾರಾಗಿ ಖಚಿತವಾಗುತ್ತದೆ. ಕಂತಿನ ಲೆಕ್ಕದಲ್ಲಿ ಬಡ್ಡಿ ಸ್ವಲ್ಪ ಏರಿದರೂ ತಡೆಯುವಷ್ಟು ಜಾಗವಿದ್ದರೆ ಆಗ ಲಾಕ್ ಮಾಡುವುದು ಲೇಸು. ಜಾಗವಿಲ್ಲದಿದ್ದರೆ ಉದ್ದದ ಲಾಕ್‌ನ ಖರ್ಚನ್ನು ಬಿಲ್ಡರ್‌ನ ರಿಯಾಯಿತಿಯಿಂದ ಕಟ್ಟಿಸಿ.

ಅಪ್ರೈಸಲ್‌ಗೆ, ಅಂದರೆ ಮನೆಯ ಮೌಲ್ಯ ಕಟ್ಟುವುದಕ್ಕೆ, ಬರೋಣ. ವಿಎ ಅಪ್ರೈಸರ್‌ನನ್ನು ಲೆಂಡರ್ ಆರಿಸುವಂತಿಲ್ಲ, ಬಿಲ್ಡರ್ ಅಂತೂ ಇಲ್ಲವೇ ಇಲ್ಲ. ಇಲಾಖೆಯ ಪಟ್ಟಿಯಿಂದ ಸರದಿಯಂತೆ ಬರುತ್ತಾರೆ. ಗ್ರಾಹಕರ ಇಷ್ಟಕ್ಕೆ ಬಿಟ್ಟ ವಸ್ತುಗಳು, ಅಂದರೆ ನೆಲದ ಹಾಸು, ದೀಪ, ನಲ್ಲಿ, ಉಪಕರಣಗಳಂಥವು ಮಾತ್ರ ಬಾಕಿ ಇದ್ದರೆ ಮನೆ ಬಹುಮಟ್ಟಿಗೆ ಮುಗಿದದ್ದೆಂದೇ ಅಳೆಯುತ್ತಾರೆ. ಅದಕ್ಕೂ ಮೊದಲಾದರೆ ನಕ್ಷೆ ಮತ್ತು ವಿವರಪಟ್ಟಿ ನೋಡಿಯೇ ಮೌಲ್ಯ ಕಟ್ಟಬೇಕು. ಆದ್ದರಿಂದ ಬಿಲ್ಡರ್ ಕೊಡುವ ಕಾಗದದಲ್ಲಿ ನೀವು ಹಣ ಕೊಟ್ಟ ಪ್ರತಿ ಅಪ್‌ಗ್ರೇಡ್ ಬರೆದಿದೆಯೇ ನೋಡಿ. ಬರೆಯದೆ ಬಿಟ್ಟದ್ದಕ್ಕೆ ಬೆಲೆ ಕಟ್ಟುವುದಿಲ್ಲ. ಬರೆದದ್ದಕ್ಕೂ ಕೊಟ್ಟಷ್ಟು ಬರುವುದಿಲ್ಲ. ಚದರಡಿ, ಬಚ್ಚಲು, ಗ್ಯಾರೇಜಿಗೆ ಮೌಲ್ಯ ನಿಲ್ಲುತ್ತದೆ. ಅಡುಗೆಮನೆಯ ದುಬಾರಿ ಕಲ್ಲು, ಗೋಡೆಯ ಅಲಂಕಾರಕ್ಕೆ ಅಷ್ಟಾಗಿ ನಿಲ್ಲುವುದಿಲ್ಲ.

ಮೌಲ್ಯ ಕರಾರಿನ ಬೆಲೆಗಿಂತ ಕೆಳಗೆ ಬರುವಂತಿದ್ದರೆ ಅಪ್ರೈಸರ್ ವರದಿ ಮುಗಿಸುವ ಮೊದಲೇ ಲೆಂಡರ್ ಕಡೆಯವರಿಗೆ ತಿಳಿಸಬೇಕು. ಇದಕ್ಕೆ ‘ಟೈಡ್‌ವಾಟರ್’ ಎಂದು ಹೆಸರು. ಉತ್ತರಿಸಲು ಸಿಗುವುದು ಎರಡೇ ಕೆಲಸದ ದಿನ, ಆಗ ಬೇಕಾದದ್ದು ವಾದವಲ್ಲ, ಮಾರಾಟದ ಪುರಾವೆ. ಹೊಸ ಬಡಾವಣೆಯಲ್ಲಿ ಬಿಲ್ಡರ್ ನೇರವಾಗಿ ಮಾರಿದ ಮನೆಗಳು ಎಂಎಲ್‌ಎಸ್‌ಗೆ (ಏಜೆಂಟರ ಮಾರಾಟದ ಪಟ್ಟಿಗೆ) ಏರಿರದೆ ಇರಬಹುದು, ಅಪ್ರೈಸರ್ ಕಣ್ಣಿಗೆ ಬಿದ್ದೇ ಇರುವುದಿಲ್ಲ. ಅದೇ ನಕ್ಷೆಯ ಮೂರು ಮನೆಗಳ ಮಾರಾಟದ ದಾಖಲೆಯನ್ನು ಬಿಲ್ಡರ್ ಮೊದಲೇ ಸಿದ್ಧವಾಗಿಟ್ಟುಕೊಳ್ಳಲಿ ಎಂದು ಕೇಳಿ. ಎರಡು ದಿನದಲ್ಲಿ ಹುಡುಕಲು ಹೊರಟರೆ ಸಿಗುವುದಿಲ್ಲ. ಇಷ್ಟಾದರೂ 4,65,000 ಕರಾರಿಗೆ 4,48,000 ಬಂತೆನ್ನಿ. ಮೌಲ್ಯದ ಮರುಪರಿಶೀಲನೆಗೆ ಅರ್ಜಿ ಹಾಕಬಹುದು, ಬಿಲ್ಡರ್ ಬೆಲೆ ಇಳಿಸಬಹುದು, ನೀವು 17,000 ಕೈಯಿಂದ ಹಾಕಬಹುದು, ಅಥವಾ ಎಸ್ಕೇಪ್ ಕ್ಲಾಸ್ ಹಿಡಿದು ಹೊರಬರಬಹುದು. ಎಸ್ಕೇಪ್ ಕ್ಲಾಸ್‌ಗೆ ಬೆಲೆ ಬರುವುದು ಇಲ್ಲೇ. ಡಿಸೈನ್ ಮುಂಗಡದ ಆ ಒಂದು ಸಾಲನ್ನು ಮೊದಲೇ ಬರೆಸಿಕೊಂಡವರು ಬಿಲ್ಡರ್ ಎದುರು ಸಮನಾಗಿ ಕೂತು ಮಾತಾಡಬಲ್ಲರು.

ಅಪ್ರೈಸರ್ ವಿಎ ಕನಿಷ್ಠ ಗುಣಮಟ್ಟವನ್ನೂ ನೋಡುತ್ತಾರೆ: ಎಲ್ಲ ಋತುವಿನಲ್ಲೂ ಹೋಗಬಹುದಾದ ದಾರಿ, ಮನೆಯಿಂದ ಆಚೆಗೆ ಹರಿಯುವ ನೀರಿನ ಇಳಿಜಾರು, ಹೀಟಿಂಗ್, ಸುರಕ್ಷಿತ ನೀರು. ಹೈ ಟೆನ್ಷನ್ ಲೈನಿಗೆಂದು ಬಿಟ್ಟ ಪಟ್ಟಿಯ (ಈಸ್‌ಮೆಂಟ್) ಒಳಗೆ ಮನೆ ಬರುವಂತಿಲ್ಲ. ಗೆದ್ದಲು ಹೆಚ್ಚಿರುವ ಸೀಮೆಗಳಲ್ಲಿ ಹೊಸ ಮನೆಗೆ ಎರಡು ಕಾಗದ ಬೇಕು: ಬಿಲ್ಡರ್ ಖಾತರಿಯ ಎನ್‌ಪಿಎಂಎ-99-ಎ, ಮಣ್ಣಿಗೆ ಔಷಧ ಹಾಕಿದ ದಾಖಲೆ 99-ಬಿ. ಔಷಧವನ್ನು ಸಾಮಾನ್ಯವಾಗಿ ಕಾಂಕ್ರೀಟ್ ಸುರಿಯುವ ಮೊದಲೇ ಹಾಕಿರುತ್ತಾರೆ, ಎಂಟು ತಿಂಗಳ ನಂತರ ಆ ಕಾಗದ ಯಾರ ಬಳಿಯೂ ಇರುವುದಿಲ್ಲ. ಹಾಕಿದ ವಾರವೇ ಪ್ರತಿ ಪಡೆದು ಲೆಂಡರ್‌ಗೆ ಕಳಿಸಿ.

ಒಂದು ಮಾತನ್ನು ಒತ್ತಿ ಹೇಳಬೇಕು. ಅಪ್ರೈಸಲ್ ಅಂದರೆ ಮನೆಯ ತಪಾಸಣೆ ಅಲ್ಲ. ನಿಮ್ಮ ಪರವಾಗಿ ಸ್ವತಂತ್ರ ಇನ್‌ಸ್ಪೆಕ್ಟರ್ ಮೂರು ಸಲ ಬರಲಿ: ಡ್ರೈವಾಲ್ ಹಚ್ಚುವ ಮೊದಲು, ಕ್ಲೋಸಿಂಗ್‌ಗೆ ಮೊದಲು, ಹನ್ನೊಂದನೇ ತಿಂಗಳಲ್ಲಿ. ಮೊದಲನೆಯದೇ ಮುಖ್ಯ. ಪೈಪಿಗೆ ದಾರಿ ಮಾಡಲು ಅಳತೆ ಮೀರಿ ಕೊರೆದ ಮರದ ಕಂಬ, ಕಿಟಕಿ ಸುತ್ತ ನೀರು ತಡೆಯುವ ಪಟ್ಟಿ ಬಿಟ್ಟುಹೋದದ್ದು, ಬಾಗಿದ ಏಸಿ ಡಕ್ಟ್, ಇವೆಲ್ಲ ಆ ಒಂದೆರಡು ದಿನ ಮಾತ್ರ ಕಣ್ಣಿಗೆ ಕಾಣುತ್ತವೆ, ಆಮೇಲೆ ಗೋಡೆಯೊಳಗೆ ಮುಚ್ಚಿಹೋಗುತ್ತವೆ. ಇನ್‌ಸ್ಪೆಕ್ಟರ್‌ಗೆ ಪ್ರವೇಶವಿದೆ ಎಂಬುದೂ ಕರಾರಿನಲ್ಲಿ ಬರೆದಿರಲಿ.

ಕೊನೆಯ ಕಾಗದ ಆಕ್ಯುಪೆನ್ಸಿ ಸರ್ಟಿಫಿಕೇಟ್. ಬೆಂಗಳೂರಿನವರಿಗೆ ಓಸಿ ಎಂದರೆ ಗೊತ್ತು. ಅಲ್ಲಿ ಓಸಿ ಇಲ್ಲದೆಯೂ ಒಳಗೆ ಹೋಗಿ ವಾಸ ಮಾಡಿದ ಮನೆಗಳಿವೆ. ಅಮೆರಿಕದಲ್ಲಿ ಸ್ಥಳೀಯ ಕಟ್ಟಡ ಇಲಾಖೆ ಓಸಿ ಕೊಡದೆ ಸಾಲದ ಹಣ ಬಿಡುಗಡೆಯಾಗುವುದಿಲ್ಲ. ಅದರ ಜೊತೆಗೆ ಬಿಲ್ಡರ್‌ನ ವಾರಂಟಿಯೂ ಬೇಕು, 26-1859 ನಮೂನೆಯ ಒಂದು ವರ್ಷದ್ದು ಅಥವಾ ಹತ್ತು ವರ್ಷದ ವಿಮಾ ಯೋಜನೆ. ಹಿಮ ಬೀಳುವ ರಾಜ್ಯಗಳಲ್ಲಿ ಚಳಿಗಾಲದಲ್ಲಿ ಮುಗಿದ ಮನೆಗೆ ಹುಲ್ಲು ಹಾಸುವುದು, ಡ್ರೈವ್‌ವೇ ಹಾಕುವುದು ಬಾಕಿ ಉಳಿದರೆ, ಆ ಖರ್ಚಿನ ಒಂದೂವರೆ ಪಟ್ಟು ಹಣವನ್ನು ಎಸ್ಕ್ರೋ ಎಂಬ ಮೀಸಲು ಖಾತೆಯಲ್ಲಿಟ್ಟು ಕ್ಲೋಸಿಂಗ್ ಮುಗಿಸಬಹುದು.

ಗೃಹಪ್ರವೇಶದ ಮುಹೂರ್ತ ಇಡುವವರಿಗೆ ಇದು ತಿಳಿದಿರಲಿ: ಬಿಲ್ಡರ್ ಹೇಳುವ ದಿನ ಅಂದಾಜಿನದು. ಸಾಲದ ಅಂತಿಮ ಲೆಕ್ಕದ ಪತ್ರವಾದ ಕ್ಲೋಸಿಂಗ್ ಡಿಸ್‌ಕ್ಲೋಷರ್ ಕೈಗೆ ಬಂದು ಮೂರು ಕೆಲಸದ ದಿನ ಕಳೆಯುವ ತನಕ ಕ್ಲೋಸಿಂಗ್ ಇಲ್ಲ, ಕ್ಲೋಸಿಂಗ್ ಆಗದೆ ಹಾಲುಕ್ಕಿಸಲು ಕೀಲಿ ಸಿಗುವುದಿಲ್ಲ. ಊರಿನಿಂದ ಬರುವವರ ಟಿಕೆಟ್ಟಿಗೆ ಮೂರ್ನಾಲ್ಕು ವಾರ ಬಿಟ್ಟು ಮುಹೂರ್ತ ನೋಡಿಸಿ. ಕ್ಲೋಸಿಂಗ್ ಆದ 60 ದಿನದೊಳಗೆ ಆ ಮನೆಯಲ್ಲಿ ವಾಸ ಶುರುಮಾಡಬೇಕೆಂಬುದು ವಿಎ ನಿಯಮ. ಸೇವೆಯ ಮೇಲೆ ದೂರ ಇರುವವರ ಬದಲು ಸಂಗಾತಿ ವಾಸವಿದ್ದರೂ ನಡೆಯುತ್ತದೆ.

ಮನೆಗೆ ಬಂದ ಎರಡನೇ ವರ್ಷ ಬರುವ ಪೆಟ್ಟು ಆಸ್ತಿ ತೆರಿಗೆಯದು. ಮೊದಲ ವರ್ಷದ ತೆರಿಗೆ ಬರೀ ಜಾಗದ ಮೇಲೆ ಬಿದ್ದಿರಬಹುದು. ಜಾಗಕ್ಕೆ ವರ್ಷಕ್ಕೆ 900 ಡಾಲರ್, ಮನೆ ಸೇರಿದರೆ 7,800 ಆಗುತ್ತದೆಂದರೆ ತೆರಿಗೆಗೆಂದು ಕಂತಿನ ಜೊತೆ ಕಟ್ಟುವ ತಿಂಗಳ ಎಸ್ಕ್ರೋ 75ರಿಂದ 650ಕ್ಕೆ ಏರುತ್ತದೆ, ಜೊತೆಗೆ ಹಿಂದಿನ ಕೊರತೆಯನ್ನೂ ತುಂಬಬೇಕು. ಲೆಂಡರ್ ಯಾವ ಮೌಲ್ಯದ ಮೇಲೆ ತೆರಿಗೆ ಹಾಕಿದ್ದಾರೆಂದು ಕ್ಲೋಸಿಂಗ್‌ಗೆ ಮೊದಲೇ ಕೇಳಿ, ಪೂರ್ತಿ ಮನೆಯ ಮೇಲೆ ಹಾಕಿಸಿ. ಟೆಕ್ಸಸ್‌ನ ಹೊಸ ಬಡಾವಣೆಗಳಲ್ಲಿ ನೀರು-ಚರಂಡಿಯಂಥ ಸೌಕರ್ಯಕ್ಕೆ ಹಾಕುವ ಎಂಯುಡಿ ತೆರಿಗೆ, ಕ್ಯಾಲಿಫೋರ್ನಿಯಾದಲ್ಲಿ ಮೆಲ್ಲೊ-ರೂಸ್ ಎಂಬ ಬಡಾವಣೆಯ ತೆರಿಗೆ ಬೇರೆಯಾಗಿ ಬರುತ್ತವೆ. 100 ಶೇಕಡಾ ಅಂಗವೈಕಲ್ಯದ ರೇಟಿಂಗ್ ಇರುವವರಿಗೆ ಟೆಕ್ಸಸ್‌ನಲ್ಲಿ ವಾಸದ ಮನೆಯ ತೆರಿಗೆ ಪೂರ್ತಿ ಮಾಫಿ, ಆದರೆ ಅರ್ಜಿ ಹಾಕಬೇಕು.

ವಾರಂಟಿಯ ಹನ್ನೊಂದನೇ ತಿಂಗಳಲ್ಲಿ ಇನ್‌ಸ್ಪೆಕ್ಟರ್ ವರದಿಯನ್ನು ಫೋಟೋ ಸಮೇತ ಬಿಲ್ಡರ್‌ಗೆ ಬರವಣಿಗೆಯಲ್ಲಿ ಕಳಿಸಿ, ತಲುಪಿದ ದಿನಾಂಕದ ದಾಖಲೆ ಇಟ್ಟುಕೊಳ್ಳಿ. ಬಿಲ್ಡರ್ ಸ್ಪಂದಿಸದಿದ್ದರೆ ವಿಎ ಪ್ರಾದೇಶಿಕ ಸಾಲ ಕೇಂದ್ರಕ್ಕೆ ನಿರ್ಮಾಣದ ದೂರು ಕೊಡಬಹುದು. ಆ ದೂರಿಗೂ ವಾರಂಟಿಯ ವರ್ಷ ಮುಗಿಯುವ ಮೊದಲೇ ಬಿಲ್ಡರ್‌ಗೆ ತಿಳಿಸಿದ್ದೀರೆಂಬ ಕಾಗದವೇ ಆಧಾರ.